ಎರಡನೇ ಶಾಲು

ಯುವ ವಿಜ್ಞಾನಿಗಳು ವೃತ್ತಿಯಲ್ಲಿ ಮುಂದೆ ಬರುವುದು ಹೇಗೆ ಎಂಬ ಕಾರ್ಯಾಗಾರ ನಮ್ಮ ಕಾಲೇಜಿನಲ್ಲಿ ನಡೆಯುವುದಿತ್ತು. ವಿಜ್ಞಾನಿಗಳು ಬಂದರೂ ಸರಿ ಬಿಟ್ಟರೂ ಸರಿ, ಶಾಲು ಮಾತ್ರ ಬರಲೇಬೇಕು ಎಂದು ಪ್ರಿನ್ಸಿಪಾಲರು ಹಿಂದಿನ ದಿನ ನನ್ನನ್ನು ಗಾಂಧಿ ಚೌಕಕ್ಕೆ ಅಟ್ಟಿದರು.

ಕಾಲೇಜಿನ ಸನ್ಮಾನಕ್ಕೆ ಶಾಲು ಬೇಕು ಎಂದಾಗ ಬಟ್ಟೆ ಅಂಗಡಿಯ ಸಾಹುಕಾರರು ಗಾದಿ ಮೇಲೆ ಕುಳಿತೇ ಕೇಳಿದರು. "ಅತಿಥಿಗೋಳು ಎಷ್ಟ ಮಂದಿ ಬರ್ತಾರ್ರಿ ಸರ?"

"ಒಬ್ಬರರೀ. ಬೆಂಗಳೂರಿಂದ ಬರಾಕತ್ತಾರ."

"ಮತ್ತ ನೀವು ಅಲ್ಲೇನ ಮಾಡ್ತೀರಿ?"

"ಅತಿಥಿ ಉಪನ್ಯಾಸಕ ಅದೀನ್ರಿ. ಕೆಮಿಸ್ಟ್ರಿ ಕಲಸ್ತೀನಿ."

ಅವರು ಇನ್ನೊಂದು ಶಾಲು ಎಳೆದು ಮುಂದಿಟ್ಟರು. "ಹಂಗಾರ ಎರಡ ಬೇಕಲ್ಲರಿ. ಅವರೂ ಅತಿಥಿ, ನೀವೂ ಅತಿಥಿ."

ಕಾಯಂ ಅಲ್ಲದ ಮಾಸ್ತರಿಗೆ ಇಟ್ಟಿರುವ ಮರ್ಯಾದೆಯ ಹೆಸರು ಅದು ಎಂದು ಬಿಡಿಸಿ ಹೇಳಿದೆ.

"ಬಂದು ಎಷ್ಟ ದಿನ ಆತ್ರಿ?"

"ಒಂಬತ್ತ ವರ್ಷ ಆತ್ರಿ."

ಅವರು ಎರಡನೇ ಶಾಲನ್ನು ಮಡಚಿ ಮತ್ತೆ ಕಪಾಟಿಗೆ ಸೇರಿಸಿದರು. "ಒಂಬತ್ತ ವರ್ಷ ಕುಂತವರು ಅತಿಥಿ ಹೆಂಗ ಆಗ್ತಾರ್ರಿ? ಅವರಿಗೆ ಮನಿ ಅಳಿಯ ಅಂತಾರ."

ಒಂದೇ ಶಾಲು ಕಟ್ಟಿಸಿಕೊಂಡು ಹೊರಟೆ. ಬಬಲೇಶ್ವರದ ಬಸ್ಸಿನಲ್ಲಿ ಮನೆಗೆ ಹೋಗುತ್ತ, ಮರುದಿನ ನಾನು ಮಾಡಬೇಕಿದ್ದ ಭಾಷಣವನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಪ್ರಿನ್ಸಿಪಾಲರು ಕೊಟ್ಟ ವಿಷಯ, 'ಕಾಯಂ ಹುದ್ದೆ ಹಿಡಿಯುವ ದಾರಿ'.

ಸಾಹುಕಾರರ ಮಾತಿನಲ್ಲಿ ಒಂದೇ ತಪ್ಪಿತ್ತು. ಮನೆ ಅಳಿಯನಿಗೆ ದೀಪಾವಳಿಗೆ ಹೊಸ ಬಟ್ಟೆಯಾದರೂ ಕೊಡುತ್ತಾರೆ. ನನಗೆ ಸೆಮಿಸ್ಟರ್ ಮುಗಿದಾಗೊಮ್ಮೆ ಕೊಡುವುದು ಕೆಲಸದಿಂದ ಬಿಡುಗಡೆ ಪತ್ರ.