ಕೀಲೆಣ್ಣೆ ಹಚ್ಚಿದ ಬ್ರೇಕು

ಮೊಮ್ಮಗಳು ಹುಟ್ಟಿದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಹೆಣ್ಣು ಮಗು, ತಲೆ ತುಂಬ ಕೂದಲು. ಆಸ್ಪತ್ರೆಯೇ ತನ್ನದು ಅನ್ನುವ ಹಾಗೆ ಕಿರುಚಿ ಅತ್ತಳು. ದಾದಿ ಹೊರಗೆ ಬಂದು ಹೇಳಿದಾಗ ಏನು ಮಾಡಬೇಕೋ ತೋಚದೆ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಮನುಷ್ಯನನ್ನು ತಬ್ಬಿಕೊಂಡೆ. ಅವನೂ ತಬ್ಬಿಕೊಂಡ. ಕಾಶಿಯಲ್ಲಿ ಇಂಥದ್ದಕ್ಕೆಲ್ಲ ಯಾರೂ ಕಾರಣ ಕೇಳುವುದಿಲ್ಲ.

ಇದು ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲದ ಮಾತು. ಆ ದಿನ ನೆನೆದರೆ ಈಗಲೂ ಮೊದಲು ನಗು ಬರುತ್ತದೆ, ಅದರ ಬೆನ್ನಿಗೇ ನಾಚಿಕೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದಕ್ಕೆ ನನಗೆ ಬರುವುದಿಲ್ಲ. ಓದಿದ್ದು ಮೂರನೇ ಕ್ಲಾಸು, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿತ್ತು. ನಮ್ಮ ಸೀಮೆಯಿಂದ ಬರುವ ಯಾತ್ರಿಗಳನ್ನು ಸ್ಟೇಷನ್ನಿನಿಂದ ಕರೆತರುವುದು ನನ್ನ ಕಸುಬು. ಅದಕ್ಕೊಂದು ಹಳೇ ವ್ಯಾನು, ಇಬ್ಬರ ಕೈ ದಾಟಿ ನನ್ನ ಕೈಗೆ ಬಂದದ್ದು. ಗಲ್ಲಿಯೊಳಗೆ ನುಗ್ಗುತ್ತಿರಲಿಲ್ಲ. ದೊಡ್ಡ ರಸ್ತೆಯ ಸ್ಟ್ಯಾಂಡಿನಲ್ಲಿ ಬಿಟ್ಟು, ಯಾತ್ರಿಗಳ ಗಂಟುಮೂಟೆ ಹೊತ್ತು ನಡೆಯಬೇಕಿತ್ತು.

ಆ ವ್ಯಾನಿನ ಮುಂದಿನ ಎಡ ಚಕ್ರ, ಬ್ರೇಕು ಒತ್ತಿದರೆ ಸಾಕು, ಕಿರ್ರೋ ಅನ್ನುತ್ತಿತ್ತು. ಅಸ್ಸಿ ಘಾಟಿಗೆ ಹೋಗುವ ರಸ್ತೆಯ ಬದಿಗೆ ಬೇವಿನ ಮರದ ಕೆಳಗೆ ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಕೂರುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನನ್ನನ್ನು ಚಾಚಾ ಅನ್ನುತ್ತಿದ್ದ. ಬೇಸಿಗೆಯಲ್ಲಿ ಅವನೇ ಬ್ರೇಕಿನ ಪ್ಯಾಡು ಬದಲಾಯಿಸಿ, ಚಕ್ರದೊಳಗೆ ಕೈ ತೋರಿಸಿ ಹೇಳಿದ:

“ನೋಡಿ ಚಾಚಾ, ಇದು ಕ್ಯಾಲಿಪರ್. ಕಬ್ಬಿಣದ ಕೈ ಅಂದುಕೊಳ್ಳಿ. ಈ ತಟ್ಟೆಯನ್ನ ಎರಡೂ ಕಡೆಯಿಂದ ಹಿಡಿಯುತ್ತೆ, ಬಿಡುತ್ತೆ. ಅದು ಸರಿದಾಡೋದು ಈ ಎರಡು ಪಿನ್ನಿನ ಮೇಲೆ. ಇದಕ್ಕೆ ಬೇರೆ ಗ್ರೀಸೇ ಬೇಕು. ನೀವು ಮಾತ್ರ ಏನೂ ಹಚ್ಚೋಕೆ ಹೋಗಬೇಡಿ. ಸದ್ದಾದರೆ ನನ್ನ ಹತ್ತಿರ ತನ್ನಿ.”

ಮಳೆಗಾಲ ಕಳೆಯುವ ಹೊತ್ತಿಗೆ ಮತ್ತೆ ಕಿರ್ರೋ. ಯಾತ್ರಿಗಳು ಕಿವಿ ಮುಚ್ಚಿಕೊಳ್ಳುವರು. ಇಷ್ಟಕ್ಕೆಲ್ಲ ಅವನ ಹತ್ತಿರ ಏಕೆ ಹೋಗಲಿ ಅನ್ನಿಸಿತು. ನಮ್ಮಪ್ಪ ಊರಲ್ಲಿ ಗಾಡಿ ಹೊಡೆಯುತ್ತಿದ್ದವನು. ಚಕ್ರ ಕಿರುಗುಟ್ಟಿದರೆ ಕೀಲೆಣ್ಣೆ ಬೇಕು, ಅದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಹುಲ್ಲು ಸುಟ್ಟು, ಆ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಅಚ್ಚಿಗೆ ಬಳಿಯುವುದು. ಹರಳೆಣ್ಣೆ ಮನೆಯಲ್ಲಿರಲಿಲ್ಲ. ಸಾಸಿವೆ ಎಣ್ಣೆ ಇತ್ತು. ಬಟ್ಟಲಲ್ಲಿ ಬಗ್ಗಿಸಿಕೊಳ್ಳುವಾಗ ಹೆಂಡತಿ ಕೇಳಿದಳು, “ಎಣ್ಣೆ ಯಾಕ್ರೀ?”

“ಮಂಡಿ ನೋವಿಗೆ” ಅಂದೆ.

ಮಾರನೇ ದಿನ ಚಕ್ರ ಬಿಚ್ಚಿ, ಆ ಎರಡು ಪಿನ್ನು ಎಳೆದು, ಅವನ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ ನಮ್ಮಪ್ಪನ ಕೀಲೆಣ್ಣೆ ಹಚ್ಚಿದೆ. ಸದ್ದು ನಿಂತೇಹೋಯಿತು! ಒಂದು ವಾರ ಎದೆ ಉಬ್ಬಿಸಿಕೊಂಡು ವ್ಯಾನು ಓಡಿಸಿದೆ.

ಮೂರನೇ ವಾರಕ್ಕೆ ವ್ಯಾನು ಎಡಕ್ಕೆ ಎಳೆಯತೊಡಗಿತು. ಚಕ್ರ ಮುಟ್ಟಿದರೆ ಸುಡುವ ಹೆಂಚು, ಕಮಟು ವಾಸನೆ. ನನ್ನ ಎಣ್ಣೆಯ ಕೆಲಸ ಇರಬಹುದು ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಆ ಸಿಟ್ಟು ಹೊತ್ತುಕೊಂಡು ನೇರ ಮಿಸ್ತ್ರಿಯ ಹತ್ತಿರ ಹೋದೆ. ನಾಲ್ಕು ಜನ ಗಿರಾಕಿಗಳು ಕೂತಿದ್ದರು. ಅವರ ಎದುರಿಗೇ ಕೂಗಾಡಿದೆ, “ನಕಲಿ ಮಾಲು ಹಾಕಿದ್ದೀಯಲ್ಲೋ, ಯಾತ್ರಿಗಳನ್ನ ಕೊಲ್ಲಬೇಕು ಅಂತ ಮಾಡಿದ್ದೀಯಾ?”

ಅವನು ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದ. “ಚಾಚಾ, ನೀವೇನಾದರೂ ಬಿಚ್ಚಿದ್ರಾ?”

“ನಾನ್ಯಾಕೆ ಬಿಚ್ಚಲಿ?”

“ಹಾಗಾದರೆ ನಿಲ್ಲಿ, ನಾನು ಬಿಚ್ಚಿ ನೋಡ್ತೀನಿ.”

ನೋಡಲು ಬಿಡಲಿಲ್ಲ. ಬಿಟ್ಟರೆ ಕಾಣುತ್ತಿತ್ತಲ್ಲ! ವ್ಯಾನು ಹತ್ತಿ ಹೊರಟೆ. ಅಷ್ಟಕ್ಕೂ ಸುಮ್ಮನಾಗಲಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲ ಡ್ರೈವರುಗಳಿಗೂ, ಮನೆಯಲ್ಲಿ ಹೆಂಡತಿಗೂ ಹೇಳಿದೆ, ಆ ಮಿಸ್ತ್ರಿಯದು ನಕಲಿ ಮಾಲು ಅಂತ. ಮೊದಲೆಲ್ಲ ಬೇವಿನ ಮರದ ಕೆಳಗೆ ಎರಡು ಮೂರು ಗಾಡಿ ನಿಂತೇ ಇರುತ್ತಿದ್ದವು. ಆಮೇಲೆ ಆ ಕಡೆ ಹೋದಾಗಲೆಲ್ಲ ಅವನು ಒಬ್ಬನೇ ಕೂತಿರುವುದು ಕಾಣುತ್ತಿತ್ತು. ನಾನು ಬೇರೆ ಕಡೆ ಮುಖ ಮಾಡಿಕೊಂಡು, ಚಕ್ರ ಕಾದರೂ ಯಾರಿಗೂ ತೋರಿಸದೆ, ಓಡಿಸುತ್ತಿದ್ದೆ.

ಮಗಳು ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಅಳಿಯನಿಗೆ ಇಲ್ಲೇ ಯೂನಿವರ್ಸಿಟಿಯಲ್ಲಿ ಕೆಲಸ. ಒಂದು ದಿನ ಬೆಳಿಗ್ಗೆ ಏಳಕ್ಕೆ ಅವಳಿಗೆ ನೋವು ಶುರುವಾಯಿತು. ಹೆಂಡತಿಯೂ ನಾನೂ ಅವಳನ್ನು ಹಿಡಿದು ಮೆಲ್ಲಗೆ ಗಲ್ಲಿ ದಾಟಿಸಿ ವ್ಯಾನಿನಲ್ಲಿ ಕೂರಿಸಿದೆವು. ಅರ್ಧ ಮೈಲಿ ಹೋಗಿರಬೇಕು, ಚಕ್ರ ಕಚ್ಚಿಕೊಂಡಿತು. ಗೇರು ಹಾಕಿದರೆ ಇಂಜಿನ್ನು ನರಳಿ ಆರಿಹೋಗುವುದು. ಚಕ್ರದಿಂದ ಹೊಗೆ. ನಿಂತದ್ದಾದರೂ ಎಲ್ಲಿ? ಆ ಬೇವಿನ ಮರದಿಂದ ಇಪ್ಪತ್ತು ಹೆಜ್ಜೆ ಈಚೆಗೆ.

ನಾನು ಸ್ಟೀರಿಂಗು ಹಿಡಿದು ಕೂತೇ ಇದ್ದೆ. ಮಗಳು ಹಿಂದಿನಿಂದ “ಅಪ್ಪಾ, ಆಗಲ್ಲ” ಅಂದಳು. ಆದರೂ ಮರದ ಕಡೆ ತಿರುಗಲಿಲ್ಲ. ಮಿಸ್ತ್ರಿಯೇ ಎದ್ದು ಬಂದ. ಚಕ್ರ ನೋಡಲಿಲ್ಲ, ಒಳಗೆ ಮಗಳ ಮುಖ ನೋಡಿದ. ತಿರುಗಿ ರಸ್ತೆಗೆ ಅಡ್ಡ ನಿಂತು ಎರಡು ಸೈಕಲ್ ರಿಕ್ಷಾ ನಿಲ್ಲಿಸಿದ. “ಹಳ್ಳ ತಪ್ಪಿಸಿ ಹೋಗು, ನಿಧಾನ” ಅಂತ ರಿಕ್ಷಾದವನಿಗೆ ಗದರಿದ. ಹೆಂಡತಿ, ಮಗಳು ಒಂದರಲ್ಲಿ ಹೋದರು. ನನ್ನ ಮುಂದೆ ಕೈ ಚಾಚಿದ. “ಬೀಗದಕೈ ಕೊಟ್ಟು ನೀವೂ ಹೊರಡಿ ಚಾಚಾ. ವ್ಯಾನು ನಾನು ತರ್ತೀನಿ.”

ಕೊಟ್ಟೆ. ಕೊಡುವಾಗ ಅವನ ಮುಖ ನೋಡಲಿಲ್ಲ.

ಹತ್ತು ಗಂಟೆಗೆಲ್ಲ ಹೆರಿಗೆ ಆಯಿತು. ಆಮೇಲೆ ನಾನು ಮನುಷ್ಯನಾಗಿರಲಿಲ್ಲ, ಕುಣಿಯುವ ಕರು ಆಗಿದ್ದೆ. ಸಿಹಿ ಹಂಚಿದೆ, ಬೂತಿಗೆ ಓಡಿ ಊರಿಗೆ ಫೋನು ಹಚ್ಚಿದೆ, ಅಳಿಯನಿಗೆ ಒಂದೇ ಸುದ್ದಿ ಮೂರು ಸಲ ಹೇಳಿದೆ. ವಾರ್ಡು ತುಂಬಿತ್ತು, ಮಗಳ ಮಂಚವನ್ನು ಜಗಲಿಗೇ ಹಾಕಿದ್ದರು. ಸಂಜೆ ಹೆಂಡತಿ ಮನೆಗೆ ಹೋಗಿ ಬಾಣಂತಿಗೆ ಮೆಣಸಿನ ಸಾರು, ನಮಗೆ ಹುಳಿ, ಅನ್ನ, ಪಲ್ಯ ಮಾಡಿಕೊಂಡು ಬಂದಳು. ಮಂಚದ ಪಕ್ಕ ಪೇಪರು ಹಾಸಿ ಎಲೆ ಇಟ್ಟಳು. ಇನ್ನೇನು ಬಡಿಸಬೇಕು, ಆಗ ಮಿಸ್ತ್ರಿ ಬಂದ. ಬೀಗದಕೈ ಹಿಡಿದು ಜಗಲಿಯ ಕೆಳಗೇ ನಿಂತ.

ಹೆಂಡತಿ ಸೌಟು ಎತ್ತಿದಳು. ಅವಳ ಹಿಂದಿ ಅರ್ಧ ಕನ್ನಡ, ಸಿಟ್ಟು ಬಂದರೆ ಪೂರಾ ಕನ್ನಡ. “ಬಂದೆಯಾ ಮಹಾರಾಯ! ನಿನ್ನ ನಕಲಿ ಮಾಲಿಂದ ನನ್ನ ಮಗಳು ನೋವು ತಿಂತಾ ರಿಕ್ಷಾದಲ್ಲಿ ಹೋದಳು. ನಿನ್ನ ಕೈ ಸೇದಿಹೋಗ!”

ಅವನಿಗೆ ಮಾತು ಅರ್ಥವಾಗದಿದ್ದರೂ ಸೌಟು ಅರ್ಥವಾಯಿತು. ನನ್ನ ಕಡೆ ನೋಡಿದ, ಅಷ್ಟೇ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನಗೆ ಮಾತ್ರ ಕಾಣುವ ಹಾಗೆ ಬಿಡಿಸಿದ. ಪಿನ್ನಿನಿಂದ ಕೆರೆದು ತೆಗೆದ ಕರೀ ಅಂಟು, ಒಣಗಿ ಅರಗಿನ ಹಾಗಾಗಿತ್ತು. ಸಾಸಿವೆ ವಾಸನೆ ಇನ್ನೂ ಹೋಗಿರಲಿಲ್ಲ.

“ಇದು ನನ್ನ ಗ್ರೀಸಲ್ಲ ಚಾಚಾ” ಅಂದ, ಮೆಲ್ಲಗೆ. ಮತ್ತೆ ಮಡಿಸಿಟ್ಟುಕೊಂಡ. ಬೀಗದಕೈ ನನ್ನ ಅಂಗೈಗೆ ಹಾಕಿ ಹೊರಡಲು ತಿರುಗಿದ.

ಹೋಗಲು ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಡೋಣ ಅಂತಲೂ ಅನ್ನಿಸಿತು, ಅದನ್ನೂ ಬರೆಯುತ್ತೇನೆ. ಆದರೆ ಹೆಂಡತಿ ಇನ್ನೂ ಬೈಯುತ್ತಲೇ ಇದ್ದಳು, ಅವನ ಬೆನ್ನು ಬೈಗುಳ ತಿನ್ನುತ್ತಲೇ ಇತ್ತು.

“ಸುಮ್ಮನಿರೇ” ಅಂದೆ. “ಅವನದಲ್ಲ ತಪ್ಪು. ನಾನೇ ಬಿಚ್ಚಿ ಕೀಲೆಣ್ಣೆ ಹಚ್ಚಿದೆ. ಅದೇ ಅಂಟಾಗಿ ಕಚ್ಚಿಕೊಂಡಿತು. ಅವನು ಕೇಳಿದಾಗ ಸುಳ್ಳು ಹೇಳಿದೆ.”

ಅವಳು ಸೌಟು ಇಳಿಸಿದಳು. “ಮಂಡಿ ನೋವಿಗೆ ಅಂತ ಒಯ್ದಿದ್ದು ಅದೇನಾ?”

“ಅದೇ.”

ಮಗಳು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಅಳಿಯ ನೆಲ ನೋಡಿದ. ಅವರಿಬ್ಬರೂ ಬೈದಿದ್ದರೆ ಹಗುರಾಗುತ್ತಿದ್ದೆ. ಎದ್ದು ಜಗಲಿ ಇಳಿದು ಹೋಗಿ ಮಿಸ್ತ್ರಿಯ ಎರಡೂ ಕೈ ಹಿಡಿದೆ. ಹಿಂದಿಯಲ್ಲಿ ಕ್ಷಮೆ ಕೇಳುವ ದೊಡ್ಡ ಮಾತು ನನಗೆ ಬರುವುದಿಲ್ಲ. “ನಾನು ಸುಳ್ಳ, ತಪ್ಪಾಯಿತು” ಅಂತ ಹೇಳಿದೆ.

“ಇಲ್ಲಿ ಹೇಳಿದರೆ ನನಗೇನು ಬಂತು ಚಾಚಾ?” ಅಂದ ಅವನು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. “ಸ್ಟ್ಯಾಂಡಿನಲ್ಲಿ ಹೇಳಿ. ಎಲ್ಲಾ ಡ್ರೈವರುಗಳ ಮುಂದೆ.”

“ನಾಳೆ ಬೆಳಿಗ್ಗೆ ಹೇಳ್ತೀನಿ. ನೀನೂ ಬಂದು ನಿಂತು ಕೇಳು.”

ಮಗಳು ಕರೆದಳು. ಕಾಶಿಯಲ್ಲೇ ಬೆಳೆದವಳು, ಅವಳ ಹಿಂದಿ ನಮ್ಮ ಹಾಗಲ್ಲ. “ಭೈಯಾ, ಊಟ ಮಾಡಿಕೊಂಡೇ ಹೋಗಬೇಕು. ಸೋದರಸೊಸೆ ಹುಟ್ಟಿದ್ದಾಳೆ ನಿಮಗೆ.”

ಅವನು ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದು ಬಂದ. ಹೆಂಡತಿ ನನ್ನ ಎಲೆಯನ್ನೇ ಎಳೆದು ಅವನ ಮುಂದಿಟ್ಟಳು. ಮೊದಲು ಅವನಿಗೆ ಬಡಿಸಿದಳು, ಮೇಲೆ ತುಪ್ಪ. ಆಮೇಲೆ ಅಳಿಯನಿಗೆ, ಮಂಚದ ಮೇಲೆ ಮಗಳಿಗೆ ಮೆಣಸಿನ ಸಾರು ಕಲಸಿದ ಅನ್ನ. ನನಗೊಂದು ಸ್ಟೀಲಿನ ಮುಚ್ಚಳ ಸಿಕ್ಕಿತು, ಕೊನೆಗೆ. ಮಗು ಮಗ್ಗುಲಲ್ಲಿ ನಿದ್ದೆ ಮಾಡುತ್ತಿತ್ತು. ಹುಳಿ ಖಾರ ಹತ್ತಿ ಮಿಸ್ತ್ರಿಯ ಮೂಗು ಸೋರಿತು, ಹೆಂಡತಿ ನಕ್ಕು ಇನ್ನೊಂದು ಸೌಟು ಹಾಕಿದಳು. ನಾನು ತಲೆ ತಗ್ಗಿಸಿಕೊಂಡು ಮುಚ್ಚಳದಲ್ಲಿ ಕಲಸಿಕೊಂಡೆ. ಎಲ್ಲರೂ ಉಂಡೆವು.