ವೆಳ್ಳಚ್ಚಿ ಉಜ್ಜಿದ ಕರಿನೆಲ

ಮನೆಗೆ ಯಾರೇ ಬರಲಿ, ಮೊದಲು ಬಗ್ಗಿ ಮಿರುಗುವ ಕರಿನೆಲ ಸವರಿ ನೋಡುವರು. ಆಮೇಲೆ, "ಇದು ವೆಳ್ಳಚ್ಚಿ ಕೈ ಅಲ್ವಾ?" ಅನ್ನುವರು. ಮನೆಯೊಡತಿ ದಾಕ್ಷಾಯಿಣಿ ಕಾಫಿಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದಳು. ಅವಳ ಕಾಫಿಯನ್ನು ಯಾರೂ ಹೊಗಳಿದ್ದಿಲ್ಲ.

ಮಲಯಾಳ ಸೀಮೆಯ ಕೇಣಿಚಿರದಿಂದ ಪನಮರಂ ದಾರಿಯಲ್ಲಿ ಒಂದು ಮೈಲಿ ನಡೆದರೆ ಗದ್ದೆಬಯಲಿನ ಅಂಚಿಗೆ ಆ ಮನೆ. ಹಿಂದೆ ಜೈನ ಗೌಡರದ್ದು. ಅವರಿಂದ ಕೊಂಡವರು ದಾಕ್ಷಾಯಿಣಿಯ ಮಾವ ಗುರುಮಲ್ಲಪ್ಪ; ಗುಂಡ್ಲುಪೇಟೆ ಕಡೆಯಿಂದ ಮೆಣಸಿನ ವ್ಯಾಪಾರಕ್ಕೆಂದು ಬಂದು ಇಲ್ಲೇ ಬೇರುಬಿಟ್ಟವರು. ಮೊಳ ದಪ್ಪದ ಮಣ್ಣಿನ ಗೋಡೆ, ನಡುವೆ ತೊಟ್ಟಿ, ಬೀಟೆಮರದ ಕಂಬಗಳು, ತಲೆ ತಗ್ಗಿಸದವರ ಹಣೆಗೆ ಬುದ್ಧಿ ಹೇಳುವ ಬಾಗಿಲುಗಳು. ಅತ್ತೆ ಮಾವ ಇಬ್ಬರೂ ತೀರಿಕೊಂಡ ಮೇಲೆ ಗಂಡ ಶಿವನಂಜಪ್ಪನಿಗೆ ಈ ಮನೆಯೇ ಒಂದು ಹುಚ್ಚಾಗಿತ್ತು. ಪ್ರತಿ ಬೇಸಿಗೆಯೂ ಒಂದೊಂದು ಭಾಗ ಬಿಚ್ಚುವುದು, ಹಿಂದಿದ್ದ ಹಾಗೇ ಕಟ್ಟುವುದು. ಒಂದು ವರ್ಷ ತೊಲೆ, ಇನ್ನೊಂದು ವರ್ಷ ಹೆಂಚು.

ದಾಕ್ಷಾಯಿಣಿ ಮೈಸೂರಿನಲ್ಲಿ ಓದಿದವಳು, ಅಗ್ರಹಾರದ ಕೆಂಪು ಗಾರೆನೆಲದ ಮೇಲೆ ಕುಂಟೆಬಿಲ್ಲೆ ಆಡಿ ಬೆಳೆದವಳು. ಅವಳಿಗೆ ಈ ಮನೆಯಲ್ಲಿ ಹೆದರಿಕೆ ಒಂದೆರಡಲ್ಲ. ಗೆದ್ದಲು, ಚೇಳು, ಅಟ್ಟದ ಇಲಿ, ಇಲಿಯ ಹಿಂದೆ ಬರುವ ಹಾವು. ಮೇಲಿಂದ ನಕ್ಸಲರು. ಪುಲ್ಪಳ್ಳಿಯ ಗಲಾಟೆಯಾಗಿ ಎರಡು ವರ್ಷ ದಾಟಿದ್ದರೂ, ದೊಡ್ಡ ಬಾಗಿಲಿನ ಮನೆಗಳನ್ನೇ ಅವರು ಹುಡುಕುತ್ತಾರಂತೆ ಅಂತ ಸಂತೆಯಲ್ಲಿ ಯಾರಾದರೂ ಅಂದರೆ ಸಾಕು, ಅವಳು ಮನೆಗೆ ಬಂದು ತನ್ನ ಬಾಗಿಲಿನ ಅಗಲ ನೋಡುವಳು. ಮಗ ಮಲ್ಲುಗೆ ಒಂದೂವರೆ ವರ್ಷ. ಅವನು ಸೀನಿದರೆ ಇವಳು ಓಡಿಹೋಗಿ ಹಣೆ ಮುಟ್ಟಿ ನೋಡುವಳು.

ಆದರೆ ಈ ಹೆದರಿಕೆಗಳೆಲ್ಲ ಒಂದು ತೂಕವಾದರೆ, ವೆಳ್ಳಚ್ಚಿಯ ಮೇಲಿನ ಹೊಟ್ಟೆಕಿಚ್ಚು ಇನ್ನೊಂದು ತೂಕ.

ವೆಳ್ಳಚ್ಚಿ ಊರಾಳಿ ಕುರುಮರೆಂಬ ಬುಡಕಟ್ಟಿನವಳು. ಅವಳ ಜನ ತಿಗರಿ ಇಲ್ಲದೆ ಬರಿಗೈಯಲ್ಲೇ ಮಡಕೆ ತಿದ್ದುವವರು. ಮಾತು ಅರೆ ಕನ್ನಡ, ಅರೆ ಮಲಯಾಳ. ಅವಳ ಅವ್ವ ಚಾತಿ, ಗೌಡರ ಕಾಲದಲ್ಲಿ ಈ ಮನೆಗೆ ನೆಲ ಹಾಕುತ್ತಿದ್ದಳಂತೆ. ಅವ್ವನ ಕೈಕೆಳಗೆ ಕಲಿತ ವೆಳ್ಳಚ್ಚಿ, ಕೇತನ್ ಅನ್ನುವವನನ್ನು ಮದುವೆಯಾಗಿ ಮನೆಯ ಹಿಂದೆ, ಬಾವಿಯ ಪಕ್ಕದ ಗುಡಿಸಲಿಗೆ ಬಂದಳು. ಬಿದಿರು ಕಡಿಯಲು ಹೋದ ಕೇತನ್ ಜ್ವರ ಹಿಡಿಸಿಕೊಂಡು ಬಂದು ನಾಲ್ಕೇ ದಿನದಲ್ಲಿ ಹೋದ. ಹುಟ್ಟಿದ ಎರಡು ಮಕ್ಕಳೂ ಉಳಿಯಲಿಲ್ಲ. ಗುರುಮಲ್ಲಪ್ಪ ಮನೆ ಕೊಂಡಾಗ ಗುಡಿಸಲೂ ಅವಳೂ ಮನೆಯ ಜೊತೆಗೇ ಬಂದಂತಾಯಿತು. ಅತ್ತೆ ಹಾಸಿಗೆ ಹಿಡಿದಾಗ ಏಳು ವರ್ಷದ ಶಿವನಂಜಪ್ಪನಿಗೆ ಉಣ್ಣಿಸಿ ಮೀಯಿಸಿದ್ದು ಅವಳೇ. ಈಗಲೂ ಅವನು ಅವಳಿಗೆ "ಸಣ್ಣಪ್ಪ", ದಾಕ್ಷಾಯಿಣಿ "ಸಣ್ಣವ್ವ". ಮೂವತ್ತು ದಾಟಿದ ಮನುಷ್ಯ ಯಾವ ಸಣ್ಣಪ್ಪ! ತನಗೂ ಈ ಮನೆಯಲ್ಲಿ ಎಂದೆಂದಿಗೂ ಸಣ್ಣವಳಾಗಿಯೇ ಇರುವ ಗತಿಯೇ?

"ರೀ, ಮಳೆಗಾಲಕ್ಕೆ ಮುಂಚೆ ಅಡಿಗೆಮನೆ ಗೋಡೆಗೆ ಏನಾದ್ರೂ ಮಾಡಿಸ್ಬೇಕು," ಅಂದರೆ, "ವೆಳ್ಳಚ್ಚೀನ ಕೇಳು," ಅನ್ನುವನು. "ಮಗೂಗೆ ಮೈ ಬಿಸಿ ಇದೆ ಕಣ್ರೀ," ಅಂದರೂ, "ವೆಳ್ಳಚ್ಚಿಗೆ ತೋರಿಸ್ದಾ?"

ಮಲ್ಲು ಬಾಯಿಬಿಟ್ಟು ಮೊದಲು ಆಡಿದ ಮಾತು "ಅಮ್ಮ" ಅಲ್ಲ. "ಅಚ್ಚಿ." ಆ ದಿನ ದಾಕ್ಷಾಯಿಣಿ ಊಟ ಮಾಡಲಿಲ್ಲ. ತಲೆನೋವು ಅಂದಳು.

ಹೋದ ಬೇಸಿಗೆಯಲ್ಲಿ ಅವಳೊಂದು ಸಾಹಸ ಮಾಡಿದ್ದಳು. ಗಂಡ ಮೆಣಸಿನ ಲೋಡಿನ ಜೊತೆ ಗುಂಡ್ಲುಪೇಟೆಗೆ ಹೋಗಿ ವಾರ ನಿಂತಾಗ, ಸುಲ್ತಾನ್ ಬತ್ತೇರಿಯಿಂದ ಬಾಲಕೃಷ್ಣನ್ ಅನ್ನುವ ಮೇಸ್ತ್ರಿಯನ್ನು ಕರೆಸಿ, ಮಗು ಮಲಗುವ ಕೋಣೆಯ ಕರಿನೆಲ ಅಗೆಸಿ ಸಿಮೆಂಟು ಹಾಕಿಸಿದಳು. ಮೇಲೆ ಕೆಂಪು ಬಣ್ಣ. ಗೋಡೆಗೂ ಸೊಂಟದ ಮಟ್ಟಕ್ಕೆ ಸಿಮೆಂಟು. ಎಷ್ಟು ಚೆನ್ನಾಗಿತ್ತು! ತವರುಮನೆಯ ಒಂದು ತುಂಡೇ ತಂದಿಟ್ಟ ಹಾಗೆ. ವೆಳ್ಳಚ್ಚಿ ಹೊಸಿಲಾಚೆ ನಿಂತು ನೋಡಿ, "ನೆಲದ ಬಾಯಿಗೆ ಬಟ್ಟೆ ತುರುಕ್ದಂಗಾಯ್ತು, ಸಣ್ಣವ್ವ," ಅಂದಿದ್ದಳು ಅಷ್ಟೆ.

"ನಿನಗೇನು ಗೊತ್ತು ಸಿಮೆಂಟಿನ ವಿಷಯ?"

"ಶರಿ, ನಂಗೇನ್ ಗೊತ್ತು," ಅಂತ ವೆಳ್ಳಚ್ಚಿ ನಕ್ಕು ಹೋದಳು. ಆ ನಗು ದಾಕ್ಷಾಯಿಣಿಯ ಮೈಗೆ ತುರಚೆಸೊಪ್ಪು ತಾಗಿಸಿದ ಹಾಗಿತ್ತು.

ಮಳೆ ಹಿಡಿಯಿತು. ಕೆಳಗಿನಿಂದ ಏರಿದ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲದೆ ಗೋಡೆಯೊಳಗೇ ಹತ್ತಿತು. ಕರ್ಕಾಟಕ ಮಾಸ ಮುಗಿಯುವಷ್ಟರಲ್ಲಿ ಸಿಮೆಂಟು ಹಕ್ಕಳೆಯೆದ್ದು, ಹಿಂದಿನ ಮಣ್ಣು ಅಂಬಲಿಯಾಗಿ, ಕೋಣೆಯೆಲ್ಲ ಬೂಷ್ಟು. ಮಲ್ಲುಗೆ ಉಬ್ಬಸ. ಒಂದೊಂದು ಉಸಿರಿಗೂ ಅವನ ಪಕ್ಕೆಲುಬು ಕಾಣುತ್ತಿತ್ತು. ತಾನೇ ತನ್ನ ಕೈಯಾರೆ ಮಗುವಿನ ಉಸಿರು ಕಟ್ಟಿದೆನಲ್ಲ ಎಂದು ದಾಕ್ಷಾಯಿಣಿ ಸೆರಗು ಕಚ್ಚಿಕೊಂಡು ಅತ್ತಳು. ಶಿವನಂಜಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೇಸಿಗೆ ಬರಲಿ, ವೆಳ್ಳಚ್ಚಿ ಇದ್ದಾಳಲ್ಲ," ಅಂದುಬಿಟ್ಟ.

ಬೇಸಿಗೆ ಬಂತು, ವೆಳ್ಳಚ್ಚಿಯೂ ಬಂದಳು. ಸಿಮೆಂಟನ್ನೆಲ್ಲ ಹಾರೆಯಲ್ಲಿ ಎಬ್ಬಿಸಿ ಹೊರಗೆ ಹಾಕಿದಳು. ಹುತ್ತದ ಮಣ್ಣು, ಸುಣ್ಣ, ಭತ್ತದ ಉಮಿ ಸುಟ್ಟ ಕರಿ, ಕಾಡಿನ ಯಾವುದೋ ಬಳ್ಳಿಯ ಲೋಳೆ. ಎಲ್ಲ ಕಲಸಿ, ಕಾಲಲ್ಲಿ ತುಳಿದು, ಕೊಳೆಹಾಕಿ, ಮತ್ತೆ ತುಳಿದು ಹಾಸಿದಳು. ಆಮೇಲೆ ಹೊಳೆಯ ನುಣುಪುಗಲ್ಲು ಹಿಡಿದು ಉಜ್ಜಲು ಕೂತಳು. ದಿನಾ ಬೆಳಗ್ಗೆ ಒಂದು ಮೊಳ ಅಗಲ, ಅದಕ್ಕಿಂತ ಹೆಚ್ಚಿಲ್ಲ. ನಡುವೆ ಕೈ ಬದಲಾಯಿಸುವ ಹಾಗಿಲ್ಲ. ಒಬ್ಬೊಬ್ಬರ ಕೈಯ ಭಾರ ಒಂದೊಂದು, ಬದಲಾದರೆ ಪಟ್ಟೆ ಬೀಳುತ್ತದೆ. ಮಲ್ಲು ಅವಳ ಬೆನ್ನಿಗೆ ಜೋತುಬಿದ್ದು ಕಲ್ಲಿನ ಜೊತೆ ಹಿಂದೆ ಮುಂದೆ ತೂಗುತ್ತ ಕೇಕೆ ಹಾಕುವನು. ಕೆಮ್ಮು ನಿಂತಿತ್ತು. ಅದಕ್ಕೂ ದಾಕ್ಷಾಯಿಣಿಗೆ ಸಂತೋಷಕ್ಕಿಂತ ಉರಿಯೇ ಹೆಚ್ಚಾಗಿ, ಥೂ, ತಾನೆಂಥ ತಾಯಿ ಅಂತ ತನ್ನನ್ನೇ ಬೈದುಕೊಂಡಳು.

ನೆಲ ಅರ್ಧ ಉಜ್ಜಿ ಮುಗಿದಿದ್ದಾಗ ಕಾಗದ ಬಂತು.

ಹೊಸ ಭೂಕಾನೂನಿನ ಗುಲ್ಲು ವರ್ಷದಿಂದ ಇತ್ತು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಬಹುಕಾಲದಿಂದ ಇರುವವರು ಅರ್ಜಿ ಕೊಟ್ಟರೆ ಗುಡಿಸಲೂ ಸುತ್ತಲಿನ ಹತ್ತು ಸೆಂಟು ನೆಲವೂ ಅವರದೇ. ಕೃಷಿ ಕಾರ್ಮಿಕರ ಸಂಘದ ಕುಞ್ಞಿರಾಮನ್ ಮನೆಮನೆಗೆ ಹೋಗಿ ಅರ್ಜಿ ಬರೆಸುತ್ತಿದ್ದ. ವೆಳ್ಳಚ್ಚಿಯ ಹೆಬ್ಬೆಟ್ಟೂ ಒಂದರ ಮೇಲೆ ಬಿದ್ದಿತ್ತು. ವಿಚಾರಣೆಗೆ ಟ್ರಿಬ್ಯೂನಲ್ಲಿನ ಗುಮಾಸ್ತ ಬರುತ್ತಾನೆ ಅಂತ ಕಾಗದ.

ಶಿವನಂಜಪ್ಪ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಓದದೆ ಮಡಿಸಿದ.

"ದಾಕ್ಷಿ, ಒಂದ್ ಮಾತು. ನೀನು ಹೆಂಗಸು, ನೀನ್ ಹೇಳಿದ್ರೆ ನಾಜೂಕಾಗಿರುತ್ತೆ. ವೆಳ್ಳಚ್ಚೀಗೆ ಹೇಳು, ಒಂದಾರು ತಿಂಗಳು ತೋಡಿನ ಆಚೆ ಸರ್ಕಾರಿ ಪುರಂಬೋಕಿನಲ್ಲಿ ಗುಡಿಸಲು ಹಾಕ್ಕೊಳ್ಳಲಿ. ಬಿದಿರು, ಹುಲ್ಲು ಎಲ್ಲ ನಾನೇ ಕೊಡ್ತೀನಿ. ಕೆಲಸಕ್ಕೆ ಬರೋದು ಬರಲಿ."

"ಮತ್ತೆ ಗುಮಾಸ್ತ ಬಂದ್ರೆ?"

"ಹೋದ ವರ್ಷ ಬಂದವಳು, ಕೂಲಿಗೆ ಅಂತ ಹೇಳಿದ್ರಾಯ್ತು. ಬಾವಿ ಇರೋದೇ ಆ ಹತ್ತು ಸೆಂಟಿನಲ್ಲಿ ಕಣೆ. ಹಿತ್ತಲಿನ ನಡುವೆ ಬೇಲಿ ಬಂದ್ರೆ ಮನೆ ಅಂದ್ರೆ ಏನು ಉಳೀತು?"

ದಾಕ್ಷಾಯಿಣಿ ಅವನ ಮುಖ ನೋಡಿದಳು. ಉಣ್ಣಿಸಿದ ಕೈ, ಮೀಯಿಸಿದ ಕೈ, ದಿನಕ್ಕೆ ಹತ್ತು ಸಲ ಹೊಗಳುತ್ತಿದ್ದ ಕೈ. ಅಷ್ಟೆಯೇ? ಒಂದು ಕ್ಷಣ ಅವಳಿಗೆ ಖುಷಿಯಾಯಿತು. ತೋಡಿನ ಆಚೆಗೆ! ಇನ್ನು ಮಗು ತನ್ನದು, ಅಡಿಗೆಮನೆ ತನ್ನದು, ಗಂಡನ ಬಾಯಿಯ ಮಾತು ತನ್ನದು. ಆದರೆ ಹಿಂದೆಯೇ ಇನ್ನೊಂದು ಯೋಚನೆ ಮುಳ್ಳಿನ ಹಾಗೆ ಚುಚ್ಚಿತು. ಕೆಲಸಕ್ಕೆ ಬರೋದು ಬರಲಿ, ಅಂದನಲ್ಲ. ಅಂದರೆ ಅವಳು ದಿನಾ ಬರುತ್ತಾಳೆ, ಹಿತ್ತಲ ಬಾಗಿಲಿನಿಂದ, ಕೇಳದೆ, ತನ್ನದೇ ಮನೆ ಅನ್ನುವ ಹಾಗೆ. ಹೋಗಲು ಬೇರೆ ಜಾಗವಿಲ್ಲದವಳಿಗೆ ಈ ಮನೆಯೇ ಮನೆ. ಅವಳು ಸಾಯುವ ತನಕ ಹೀಗೇ.

ವಿಷಯ ತೆಗೆಯೋಣವೆಂದು ಕೋಣೆಗೆ ಹೋದಳು. ವೆಳ್ಳಚ್ಚಿ ತಲೆ ಎತ್ತದೆ ಕಲ್ಲು ಉಜ್ಜುತ್ತಿದ್ದಳು.

"ವೆಳ್ಳಚ್ಚಿ, ಆ ಗುಡಿಸಲು ಬರೆಸ್ಕೊಂಡು ಏನ್ ಮಾಡ್ತೀಯ ನೀನು? ಯಾರಿದಾರೆ ನಿನಗೆ?"

"ನೆಲ ಮಾಡ್ತೀನಿ, ಸಣ್ಣವ್ವ."

"ಏನು?"

"ನನ್ ಗುಡ್ಸಲಲ್ಲಿ ಬರೀ ಸಗಣಿ ಸಾರ್ಸಿದ ನೆಲ. ಯಾವತ್ ಎಬ್ಬಿಸ್ತಾರೋ ಅನ್ನೋ ಜಾಗಕ್ಕೆ ಯಾರಾರ ಈ ಪಾಟಿ ಉಜ್ತಾರಾ? ಕೇತನ್ ಕೇಳ್ತಿದ್ದ, ಊರಿಗೆಲ್ಲ ಕನ್ನಡಿ ಮಾಡ್ತೀಯ, ನಮ್ಗ್ಯಾವಾಗ್ಲೇ ಅಂತ. ಮೂಗಿನ ತುದೀಲೇ ಕೋಪ ಅವನ್ಗೆ." ನಕ್ಕಳು. ಬೆನ್ನ ಮೇಲಿದ್ದ ಮಲ್ಲುಗೆ, "ಮೋನೇ, ಜುಟ್ಟು ಬಿಡು, ನೋಯ್ತದೆ," ಅಂದಳು.

ದಾಕ್ಷಾಯಿಣಿ ಹೇಳಬೇಕೆಂದುಕೊಂಡದ್ದನ್ನು ಹೇಳದೆ ಹೊರಗೆ ಬಂದಳು.

ಗುಮಾಸ್ತ ಎರಡು ದಿನ ಮುಂಚೆಯೇ ಬಂದುಬಿಟ್ಟ. ಶಿವನಂಜಪ್ಪ ಹೆಂಚು ನೋಡಲು ಬತ್ತೇರಿಗೆ ಹೋಗಿದ್ದ. ಅಚ್ಯುತನ್ ಅಂತ ಹೆಸರು, ಬಡಕಲು ಮನುಷ್ಯ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಕಡತ. ಜಗಲಿಯ ಮೇಲೆ ಕೂತು ಮಲಯಾಳದಲ್ಲಿ ಕೇಳಿದ: ಹಿತ್ತಲ ಗುಡಿಸಲಿನಲ್ಲಿರುವ ಹೆಂಗಸು ಬಂದು ಎಷ್ಟು ಕಾಲವಾಯಿತು?

ಅಂಗಳದ ತುದಿಯಲ್ಲಿ ವೆಳ್ಳಚ್ಚಿ ನಿಂತಿದ್ದಳು. ಮೊಣಕೈತನಕ ಕರಿ ಮೆತ್ತಿದ ಕೈ. ಸೊಂಟದ ಮೇಲೆ ಮಲ್ಲು. ದಾಕ್ಷಾಯಿಣಿ ಕೈಚಾಚಿ, "ಬಾ ಕಂದಾ," ಅಂದಳು. ಮಲ್ಲು ಮುಖ ತಿರುಗಿಸಿ ವೆಳ್ಳಚ್ಚಿಯ ಕತ್ತಿನಲ್ಲಿ ಹುದುಗಿಸಿಕೊಂಡ.

ಅಷ್ಟು ಸಾಕಾಯಿತು. ಹೊಟ್ಟೆಯೊಳಗಿನ ಕಿಚ್ಚು ನಾಲಗೆಗೆ ಬಂತು. ಇವಳಿಗೆ ಒಂದು ಮನೆಯಾಗಲಿ. ಇವಳದೇ ಬೇಲಿ, ಇವಳದೇ ಬಾಗಿಲು. ಆಗಲಾದರೂ ನನ್ನದು ನನಗೆ ಬಿಡುತ್ತಾಳೆ.

"ಮೂವತ್ತು ವರ್ಷ," ಅಂದಳು, ತನ್ನ ಹರುಕು ಮಲಯಾಳದಲ್ಲಿ. "ನಮ್ಮ ಮಾವ ಈ ಮನೆ ತಗೊಳ್ಳೋಕೆ ಮುಂಚಿಂದ ಇದ್ದಾಳೆ. ಅವಳ ಗಂಡ ಸತ್ತಿದ್ದೂ ಅದೇ ಗುಡಿಸಲಿನಲ್ಲಿ. ಬರ್ಕೊಳ್ಳಿ."

ಅಚ್ಯುತನ್ ಕನ್ನಡಕದ ಮೇಲಿಂದ ನೋಡಿದ. ಜಾಗದವರು ಹೀಗೆ ಹೇಳಿದ್ದನ್ನು ಅವನು ಕೇಳಿಯೇ ಇರಲಿಲ್ಲವೋ ಏನೋ. "ಯಜಮಾನರನ್ನ ಒಂದ್ಸಲ ಕೇಳಿ ಹೇಳ್ತೀರಾ?"

"ನಾನು ಓದಿದವಳು. ಎಲ್ಲಿ ಸಹಿ ಹಾಕಬೇಕು ತೋರಿಸಿ."

ಸಹಿ ಹಾಕಿದಳು. ವೆಳ್ಳಚ್ಚಿ ಮಗುವನ್ನು ಜಗಲಿಯ ಮೇಲೆ ಇಳಿಸಿ, ಕೈ ತೊಳೆಯದೆ, ನೇರ ತನ್ನ ಗುಡಿಸಲಿಗೆ ಹೋದಳು.

ಸಂಜೆ ಶಿವನಂಜಪ್ಪ ಬಂದು ಕೇಳಿ ಅಂಗಿ ಬಿಚ್ಚುವುದನ್ನೂ ಮರೆತು ಕೂತ. "ಏನ್ ಮಾಡ್ಬಿಟ್ಟೆ ದಾಕ್ಷಿ?"

"ನಿಜ ಹೇಳ್ದೆ. ನೀವೇ ತಾನೆ ಅವಳು ದೇವರು ಅಂತಿದ್ರಿ? ದೇವರಿಗೆ ಹತ್ತು ಸೆಂಟು ಕೊಡೋಕೆ ಹೊಟ್ಟೆನೋವಾ?"

"ನಿನಗವಳನ್ನ ಕಂಡ್ರೆ ಆಗೋಲ್ಲ. ಈಗ ಅವಳ ಪರ ಆಗ್ಬಿಟ್ಯಾ?"

"ಪರ ಯಾರಾಗಿದಾರೆ! ಅವಳ ಮನೆ ಅವಳಿಗಾಗಲಿ ಅಂದೆ, ಅಷ್ಟೆ." ಅವನು ಒಂದು ವಾರ ಮಾತು ಬಿಟ್ಟ. ಊಟಕ್ಕೆ ಮಾತ್ರ ಸರಿಯಾಗಿ ಬರುತ್ತಿದ್ದ.

ಜಾಗದ ಪಟ್ಟಾ ಕೈಗೆ ಬರಲು ಇನ್ನೂ ಬೇಕಾದಷ್ಟು ದಿನವಿತ್ತು. ಆದರೆ ವೆಳ್ಳಚ್ಚಿ ಅಷ್ಟು ಕಾಯಲಿಲ್ಲ. ಮರುದಿನದಿಂದಲೇ ಬಿದಿರು ಸೀಳಿ ಬೇಲಿ ಕಟ್ಟತೊಡಗಿದಳು; ದೊಡ್ಡ ಮನೆಯವರು ಬಾವಿಗೆ ಹೋಗಲು ಒಂದು ಸಂದು ಬಿಟ್ಟಳು, ಯಾರೂ ಕೇಳಿಕೊಂಡದ್ದೇನಲ್ಲ. ಆಮೇಲೆ ಹುತ್ತದ ಮಣ್ಣು ಹೊತ್ತು ತಂದಳು. ಇತ್ತ ಮಗುವಿನ ಕೋಣೆಯ ನೆಲ ಅರ್ಧಕ್ಕೇ ನಿಂತಿತು. ದಾಕ್ಷಾಯಿಣಿ ನಾಲ್ಕು ದಿನ ತಡೆದಳು, ಐದನೆಯ ದಿನ ಬೇಲಿಯ ಹತ್ತಿರ ಹೋಗಿ, "ನಮ್ದು ಅರ್ಧ ಆಗಿದೆಯಲ್ಲ?" ಅಂದಳು.

"ನಂದು ಮುಗೀಲಿ, ಸಣ್ಣವ್ವ. ಕಲ್ಲು ಅಲ್ಲೇ ಐತಲ್ಲ. ನೀನೇ ಉಜ್ಜು."

ಉಜ್ಜಿದಳು. ಅಂಗೈ ಬೊಬ್ಬೆ ಬಂತು, ಸೊಂಟ ಬಿದ್ದುಹೋಯಿತು, ಆದರೂ ಅವಳ ಕೈಯ ಕೆಳಗೆ ನೆಲ ಬೂದಿ ಬಣ್ಣಕ್ಕೇ ನಿಂತಿತು. ಶಿವನಂಜಪ್ಪ ಬಾಗಿಲಲ್ಲಿ ನಿಂತು ನೋಡಿ, ಒಂದು ಬೋಗುಣಿಯಲ್ಲಿ ನೀರು ತಂದಿಟ್ಟು ಹೋದ.

ಹೀಗೆ ಉಜ್ಜುತ್ತಿದ್ದ ಒಂದು ಬೆಳಗ್ಗೆ ತಿರುಗಿ ನೋಡಿದರೆ ಮಲ್ಲು ಇಲ್ಲ. ಬಾವಿ ಬಾವಿ ಅಂತ ಕೂಗುತ್ತ ಹಿತ್ತಲಿಗೆ ಓಡಿದಳು. ಬಾವಿಯ ಕಡೆ ಇರಲಿಲ್ಲ. ಬಿದಿರ ತಡಿಕೆಯ ಗೇಟು ತೆರೆದಿತ್ತು. ಗುಡಿಸಲಿನೊಳಗೆ, ಒಣಗಿದ ಮೂಲೆಯ ಚಾಪೆಯ ಮೇಲೆ, ವೆಳ್ಳಚ್ಚಿಯ ಮಡಿಲಲ್ಲಿ ಮಗು ಕೂತು ಕೆಸುವಿನ ಗೆಡ್ಡೆ ತಿನ್ನುತ್ತಿತ್ತು. ಅವರಿಬ್ಬರ ಮುಂದೆ ಹೊಸ ನೆಲ. ಎಂಥ ಕಪ್ಪು! ಮಾಡಿನ ಸಂದಿಯಿಂದ ಇಳಿದ ಬಿಸಿಲು ಅದರ ಮೇಲೆ ನಿಂತಿರಲಿಲ್ಲ, ಒಳಕ್ಕೆ ಇಳಿದ ಹಾಗೆ ಕಾಣುತ್ತಿತ್ತು. ದೊಡ್ಡ ಮನೆಗೆ ಈ ಕೈ ಇಷ್ಟು ಚೆನ್ನಾಗಿ ಯಾವತ್ತೂ ಉಜ್ಜಿರಲಿಲ್ಲ. ದಾಕ್ಷಾಯಿಣಿಯ ಹೊಟ್ಟೆಯಲ್ಲಿ ಹಳೆಯ ಉರಿಗಿಂತ ಹೊಸದೊಂದು ಉರಿ ಎದ್ದಿತು.

ಕಾಲು ಮುಂದಿಡಲು ಹೋದವಳು ಹಾಗೇ ತಡೆದಳು.

"ಒಳಗೆ ಬರ್ಲಾ?"

ವೆಳ್ಳಚ್ಚಿ ಮಗುವಿನ ಬಾಯಿ ಒರೆಸಿದಳು. ಅವಸರ ಮಾಡಲಿಲ್ಲ.

"ಆ ಕಡೆ ಇನ್ನೂ ಹಸಿ ಐತೆ, ಸಣ್ಣವ್ವ. ಅಲ್ಲೇ ನಿಂತ್ಕೊ. ಇವ್ನು ತಿಂದ್ಕೊಳ್ಳಿ, ಕಳಿಸ್ತೀನಿ."

ದಾಕ್ಷಾಯಿಣಿ ನಿಂತಳು.