ಎಡಗನ್ನಡಿ ಕಾಯುವ ಅಕ್ಕ

“ಯಾರಾದ್ರೂ ಇದಾರಾ?”

“ಕಾಣ್ತಿಲ್ಲ.”

“ಅಕ್ಕಾ, ಹಿಂದಿನೋನು ಹಾರ್ನ್ ಬಡೀತಾನೇ ಇದಾನೆ.”

“ಬಡ್ಕೊಳ್ಳಲಿ. ಕಾಣ್ತಿಲ್ಲ ಅಂದೆನಲ್ಲ.”

ಅಕ್ಕ ಪಕ್ಕದ ಗಾಜನ್ನು ಪೂರ್ತಿ ಇಳಿಸುತ್ತಾರೆ. ಮಳೆ ಒಮ್ಮೆಗೇ ಮುಖಕ್ಕೆ ಬಡಿಯುತ್ತದೆ. ಹಳೆಯ ಛತ್ರಿಯ ಕೋಲಿಗೆ ಬನಿಯನ್ ಬಟ್ಟೆ ಸುತ್ತಿದ ಒರೆಸುಕೋಲನ್ನು ಹೊರಗೆ ಚಾಚಿ, ಎಡಗನ್ನಡಿಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯುತ್ತಾರೆ. ಕನ್ನಡಿಯಲ್ಲಿ ಕರಗಿಹೋಗಿದ್ದ ರಸ್ತೆ ಕ್ಷಣಕಾಲ ಮತ್ತೆ ರಸ್ತೆಯಾಗುತ್ತದೆ. ಅದರೊಳಗೆ, ಗಾಡಿಯ ಮೈಗೆ ಒತ್ತಿಕೊಂಡಂತೆ, ಒಂದು ಸೈಕಲ್.

“ಇದಾನೆ! ತಡಿ!”

ಗಾಡಿ ಅಲುಗುವುದಿಲ್ಲ. ಸೈಕಲ್ಲಿನವನು ತಲೆ ಬಗ್ಗಿಸಿಕೊಂಡು, ತನ್ನ ಪಕ್ಕದಲ್ಲಿ ಏನು ನಿಂತಿದೆ ಎಂದೂ ನೋಡದೆ ದಾಟಿಹೋಗುತ್ತಾನೆ. ಇನ್ನೊಮ್ಮೆ ಒರೆಸಿ, ಇನ್ನೊಮ್ಮೆ ನೋಡಿ, ಅವರು “ಈಗ ಇಲ್ಲ” ಎನ್ನುತ್ತಾರೆ. ಸ್ಟೀರಿಂಗನ್ನು ತಮ್ಮ ಎಡಕ್ಕೆ ತಿರುಗಿಸುತ್ತಾನೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ.

ಇದು ಕ್ಯಾಂಪರ್ ವ್ಯಾನ್. ಒಳಗೆ ಹಾಸಿಗೆ, ಸಿಂಕು, ಕಪಾಟು, ಒಂದು ಪುಟ್ಟ ಒಲೆ. ಚಾಲಕನ ಸಮೇತ ಪ್ರವಾಸಿಗರಿಗೆ ಬಾಡಿಗೆಗೆ ಹೋಗುತ್ತದೆ. ಓಡಿಸುವುದು ತಮ್ಮ. ಪಕ್ಕದ ಸೀಟಿನಲ್ಲಿ ಕೂತು ಎಡಗಡೆಯನ್ನು ನೋಡುವುದು ಅಕ್ಕ. ಗಾಡಿಗಳು ನಿಲ್ಲುವ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಎಡಗಣ್ಣಕ್ಕ’ ಎಂದು. ಹಿಂದೆ ಇಸ್ತ್ರಿ ಅಂಗಡಿಯಲ್ಲಿ ನಿಂತು ದುಡಿದವರು. ಗಂಡ ತೀರಿಕೊಂಡು, ಅಂಗಡಿಯೂ ಮುಚ್ಚಿದ ವರ್ಷ ತಮ್ಮ “ಬಾ, ನಂಜೊತೆ ಕೂತ್ಕೋ ಸಾಕು” ಎಂದನಂತೆ. “ಕೂತ್ಕೊಳ್ಳೋ ಕೆಲಸ ಅಂದ್ಕೊಂಡು ಬಂದೆ. ಇವನ ಮಾತು ನಂಬಿ ಕೆಟ್ಟೆ,” ಎಂದು ನಗುತ್ತಾರೆ.

ಕೆಲಸ ಏನು? ಮುಂದಿನ ಗಾಜಿಗೆ ವೈಪರ್ ಇದೆ, ಒಳಗಿನಿಂದ ಗಾಳಿಯೂ ಬಡಿಯುತ್ತದೆ. ಪಕ್ಕದ ಗಾಜಿಗೆ ಎರಡೂ ಇಲ್ಲ. ನಡುವೆ ತೂಗುವ ಕನ್ನಡಿಯಲ್ಲಿ ಕಾಣುವುದು ರಸ್ತೆಯಲ್ಲ, ಕಪಾಟಿನ ಬಾಗಿಲು. ಉಳಿದದ್ದು ಹೊರಗಿನ ಎರಡು ಕನ್ನಡಿ. ಬಲಗಡೆಯದು ತಮ್ಮನ ಕೈಗೆಟಕುತ್ತದೆ. ಎಡಗಡೆಯದನ್ನು ಅವನು ಎಡಗಿಟಕಿಯ ಗಾಜಿನ ಮೂಲಕವೇ ನೋಡಬೇಕು. ಮಳೆ ಬಂದರೆ ಕನ್ನಡಿಯ ಮೇಲೆ ಹನಿ, ಗಾಜಿನ ಹೊರಗೆ ಹನಿ, ಗಾಜಿನ ಒಳಗೆ ಮಂಜು. ಮೂರು ಪರದೆ. ಆಚೆಗೆ ಒಂದು ಜೀವ ಇದ್ದರೂ ಇಲ್ಲದಂತೆಯೇ.

“ಕಾರಿಗಿಂತ ಇದು ಜಾಸ್ತಿ ಮಂಜು ಕಟ್ಟುತ್ತೆ. ಯಾಕಂದ್ರೆ ಇದು ಮನೆ. ಮನೆ ಉಸಿರಾಡುತ್ತೆ,” ಎನ್ನುತ್ತಾರೆ. ಹಿಂದೆ ಮಲಗಿದವರ ಉಸಿರು, ಒಣಗಲು ಹಾಕಿದ ಟವೆಲ್ಲು, ಒದ್ದೆ ಚಪ್ಪಲಿ, ಎಲ್ಲವೂ ಮುಂದೆ ಬಂದು ಗಾಜಿಗೆ ಅಂಟುತ್ತವೆ. ಹೊರಡುವ ಮುಂಚೆ ಅವರು ಹಿಂದೆ ಹೋಗಿ ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು ಚೀಲಕ್ಕೆ ತುರುಕುತ್ತಾರೆ. ಪ್ರವಾಸಿಗರು ಮುಖ ಸಿಂಡರಿಸುತ್ತಾರೆ. ಮೇಲಾಗಿ ಎಲ್ಲರಿಗೂ ಬೇಕಾದದ್ದು ಅಕ್ಕನದೇ ಸೀಟು; ಬೆಟ್ಟ ಕಾಣುವುದು ಅಲ್ಲಿಂದಲೇ. “ನೀವು ಹಿಂದೆ ಆರಾಮಾಗಿ ಮಲ್ಕೊಳ್ಳಿ” ಎಂದು ಉಪಚಾರ ಮಾಡಿ ಎಬ್ಬಿಸಲು ನೋಡುತ್ತಾರೆ. ಅಕ್ಕ ಏಳುವುದಿಲ್ಲ. ಆ ಹಾಸಿಗೆ ಮೆತ್ತಗಿದೆಯೋ ಗಟ್ಟಿಯೋ, ಇಂದಿಗೂ ಅವರಿಗೆ ಗೊತ್ತಿಲ್ಲ.

ಇವತ್ತಿನ ಪ್ರಯಾಣಿಕರು ಒಬ್ಬ ಅಜ್ಜಿ, ಅವರ ಮಗ ಮತ್ತು ಸೊಸೆ. ನಸುಕಿನಲ್ಲಿ ಎಡಗಣ್ಣಕ್ಕ ಆಲೂಗಡ್ಡೆಯನ್ನು ಎರಡು ಹೋಳು ಮಾಡಿ ಕನ್ನಡಿಗೆ ತಿಕ್ಕುತ್ತಿದ್ದಾಗ ಅಜ್ಜಿ ಛತ್ರಿ ಹಿಡಿದು ಬಂದು ನಿಂತಿದ್ದರು.

“ಏನೇ ಇದು, ಕನ್ನಡಿಗೂ ಊಟ ಹಾಕ್ತೀಯಾ?”

“ಹಾಕ್ಲೇಬೇಕಲ್ಲಮ್ಮ. ಹೊಟ್ಟೆ ತುಂಬಿದ್ರೆ ಹನಿ ಹಿಡ್ಕೊಳ್ಳಲ್ಲ, ಜಾರಿಸಿಬಿಡುತ್ತೆ. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಮತ್ತೆ ಹಸಿವು.”

“ನಮ್ಮ ಮನೆಯವರ ಥರಾನೇ,” ಎಂದು ಅಜ್ಜಿ ಒಳಗೆ ಹೋದರು. ಅವರು ಮರೆಯಾದ ಮೇಲೆ ಎಡಗಣ್ಣಕ್ಕನ ಮುಖದ ನಗು ಆರಿತು. ಕನ್ನಡಿಯ ತೋಳನ್ನು ಬೆರಳಿನಿಂದ ಸವರಿದರು. ಅಲ್ಲೊಂದು ಗೀರು.

ಅದು ಕಳೆದ ಮಳೆಗಾಲದ್ದು. ಹೀಗೇ ಮುಂಜಾನೆ. ಹಿಂದಿನಿಂದ ಯಾರೋ ಫ್ಲಾಸ್ಕಿನ ಚಹಾ ಕೊಟ್ಟರು. ಲೋಟ ಹಿಡಿದು ಒಂದು ಗುಟುಕು ಕುಡಿದರು. ಹಬೆ ಗಾಜಿಗೆ ಹತ್ತಿತು. ಅಷ್ಟರಲ್ಲೇ ತಮ್ಮ ಕೇಳಿದ: ಯಾರಾದ್ರೂ ಇದಾರಾ? ಅವರು ನೋಡಿದರು. ಬಿಳಿ. ಸ್ವಲ್ಪ ಮುಂಚೆ ನೋಡಿದಾಗ ರಸ್ತೆ ಬರಿದಾಗಿತ್ತು.

“ಇಲ್ಲ ಅಂದುಬಿಟ್ಟೆ. ಕಾಣ್ತಿಲ್ಲ ಅನ್ಬೇಕಿತ್ತು. ಕಾಣದೇ ಇರೋದನ್ನ ಇಲ್ಲ ಅಂದುಬಿಟ್ಟೆ.”

ಗಾಡಿ ಎಡಕ್ಕೆ ವಾಲಿತು. ಪರ್ ಅಂತ ಒಂದು ಸದ್ದು. ಬಟ್ಟೆ ಹರಿದ ಹಾಗೆ. ನಿಲ್ಲಿಸಿ ಇಳಿದರೆ ಕನ್ನಡಿಯ ತೋಳಿಗೆ ಸಿಕ್ಕಿಕೊಂಡು ಹಳದಿ ರೈನ್‌ಕೋಟಿನ ಒಂದು ತುಂಡು ಪಟಪಟ ಹಾರುತ್ತಿತ್ತು. ಮನುಷ್ಯ ಇಲ್ಲ. ಸೈಕಲ್ಲೋ ಸ್ಕೂಟರೋ ಏನೂ ಇಲ್ಲ. ಅಕ್ಕ ತಮ್ಮ ಇಬ್ಬರೂ ರಸ್ತೆಯುದ್ದ ಹಿಂದಕ್ಕೆ ಓಡಿದರು, ಚರಂಡಿಗಿಳಿದು ಹುಡುಕಿದರು, ಮೂಲೆಯ ಅಂಗಡಿಯಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ ವಿಚಾರಿಸಿದರು. ಯಾರೂ ಬಂದಿರಲಿಲ್ಲ.

“ಮನೆಗೆ ಹೋಗಿರ್ತಾರೆ ಅಂತಾನೆ ಇವನು. ಹೋಗಿರಬಹುದು. ಹೋಗಿದ್ದು ನೀನು ನೋಡಿದ್ಯೇನೋ ಅಂತ ಕೇಳ್ತೀನಿ.”

ಅಂದಿನಿಂದ ಅವರ ಬಾಯಲ್ಲಿ ಮೂರೇ ಮಾತು. ಇದಾರೆ. ಇಲ್ಲ. ಕಾಣ್ತಿಲ್ಲ. ಕಾಣ್ತಿಲ್ಲ ಎಂದರೆ ಗಾಡಿಯನ್ನು ತಮ್ಮ ಅಲುಗಿಸುವಂತಿಲ್ಲ. ಹಿಂದೆ ಊರೇ ಹಾರ್ನ್ ಹೊಡೆಯಲಿ, ಪ್ರವಾಸಿಗರು ಗೊಣಗಲಿ. ಶೆಡ್ಡಿನ ಮಾಲೀಕರೂ ಒಮ್ಮೆ ಛೇಡಿಸಿದರು: “ಅಕ್ಕಾ, ನಿಮ್ಮಿಬ್ಬರ ಗಾಡಿ ಮಳೆಗಾಲದಲ್ಲಿ ಹೊರಟು ಬೇಸಿಗೇಲಿ ತಲುಪುತ್ತೆ.” ಅವರೂ ಎಲ್ಲರ ಜೊತೆ ನಕ್ಕರು. ಮನೆಗೆ ಹೋಗಿ ಅತ್ತರು.

ಭಯ ಮನೆಗೂ ಬಂದಿದೆ. ಕುಕ್ಕರ್ ಕೂಗಿ ಅಡುಗೆಮನೆಯ ಕಿಟಕಿ ಮಬ್ಬಾದರೆ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಎದ್ದು ಒರೆಸುತ್ತಾರೆ. “ಅಮ್ಮಾ, ನಮ್ಮನೆ ಎಲ್ಲೂ ಹೋಗ್ತಿಲ್ಲ, ನಿಂತೇ ಇದೆ,” ಎಂದು ಮಗಳು ಹಂಗಿಸುತ್ತಾಳೆ. ಹೌದಲ್ಲ ಎನ್ನುತ್ತಾರೆ. ಆದರೂ ಒರೆಸಿ, ಆಚೆ ಯಾರೂ ಇಲ್ಲವೆಂದು ನೋಡಿಯೇ ಕೂರುತ್ತಾರೆ.

ಇಷ್ಟು ಹೆದರಿಕೆ ಇಟ್ಟುಕೊಂಡು ಯಾಕೆ ಈ ಕೆಲಸ ಎಂದರೆ, ತುಸು ಹೊತ್ತು ಒರೆಸುಕೋಲಿನ ಬಟ್ಟೆ ಹಿಂಡುತ್ತಾರೆ. “ಹೆದರದೇ ಇರೋರು ಬಂದು ಕೂತರೆ? ಅವರು ಇಲ್ಲ ಇಲ್ಲ ಅಂತಾನೇ ಇರ್ತಾರೆ.”

ಈಗ ಮಳೆ ಇನ್ನೂ ದಟ್ಟವಾಗಿದೆ. ದೊಡ್ಡ ರಸ್ತೆ ಬಿಟ್ಟು ಎಡಗಡೆಯ ಇಳಿಜಾರಿಗೆ ತಿರುಗಬೇಕು. ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿದೆ. ಅವರು ಒಣಬಟ್ಟೆಯಿಂದ ಒಳಗಾಜನ್ನು ಒರೆಸುತ್ತಾರೆ, ಗಾಜು ಇಳಿಸಿ ಕನ್ನಡಿ ಒರೆಸುತ್ತಾರೆ, ಮತ್ತೆ ಏರಿಸುತ್ತಾರೆ. ಎಡತೋಳು ಭುಜದವರೆಗೂ ತೊಯ್ದಿದೆ, ಬೆರಳುಗಳು ಬಿಳಚಿ ಸುಕ್ಕಾಗಿವೆ. ಕನ್ನಡಿಯ ಅಂಚಿನಲ್ಲಿ, ದೂರದಲ್ಲಿ, ಹಳದಿಯದೊಂದು ಚುಕ್ಕೆ ಮೂಡುತ್ತದೆ. ಹನಿಯೊಂದು ಅದರ ಮೇಲೆ ಇಳಿದು ನುಂಗಿಬಿಡುತ್ತದೆ.

“ಯಾರಾದ್ರೂ ಇದಾರಾ, ಅಕ್ಕಾ?”

“ಇದಾರೆ. ತಡಿ.”

ಹಿಂದೆ ಫ್ಲಾಸ್ಕಿನ ಮುಚ್ಚಳ ಬಿಚ್ಚಿದ ಸದ್ದು. ಶುಂಠಿಯ ಪರಿಮಳ ಮುಂದಕ್ಕೆ ತೇಲಿ ಬರುತ್ತದೆ. ಸೀಟುಗಳ ನಡುವಿನಿಂದ ಅಜ್ಜಿಯ ಕೈ ಚಾಚುತ್ತದೆ. ಅದರಲ್ಲಿ ಲೋಟ, ಲೋಟದ ಮೇಲೆ ದಟ್ಟ ಹಬೆ.

“ಪೂರ್ತಿ ನೆಂದು ತೊಪ್ಪೆಯಾಗಿದೀಯಲ್ಲೇ ಮಗಳೇ. ತಗೋ. ಒಂದೇ ಗುಟುಕು.”

ಎಡಗಣ್ಣಕ್ಕ ತಿರುಗುವುದಿಲ್ಲ. ಕನ್ನಡಿಯಿಂದ ಕಣ್ಣು ಕೀಳುವುದಿಲ್ಲ.

“ಬೇಡ. ಮುಚ್ಚಿ ಅದನ್ನ.”